ಮಂಡಿ ಬದಲಾಯಿತು, ಮುಂದೇನು?

ಮಂಡಿಯ ಕೀಲು ಬದಲಾಯಿಸುವ ಶಸ್ತ್ರಕ್ರಿಯೆ ಈಗ ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ಸಾನಪಾಡಾ, ನೆರೂಳ, ಡೊಂಬಿವಲಿಯ ಕನ್ನಡಿಗರ ಮನೆಗಳಲ್ಲಿ ಅದರ ಮಾತು ಮದುವೆ-ಮುಂಜಿಯ ಮಾತಿನಷ್ಟೇ ಸಾಮಾನ್ಯವಾಗಿದೆ. ಸಂತೋಷ. ಆದರೆ ಆ ಮಾತೆಲ್ಲ ಎರಡೇ ಪ್ರಶ್ನೆಗಳ ಸುತ್ತ ತಿರುಗುತ್ತದೆ: ದಾಕ್ತರರು ಯಾರು? ಖರ್ಚು ಎಷ್ಟು? ಆಸ್ಪತ್ರೆಯಿಂದ ಮನೆಗೆ ಬಂದ ರೋಗಿಯ ಕೈಹಿಡಿಯುವವರು ಯಾರು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರೇ ಇಲ್ಲ.

ಬೆಲೆಯ ವಿಷಯದಲ್ಲಿ ಸರಕಾರ ಕೈಕಟ್ಟಿ ಕುಳಿತಿಲ್ಲ, ಒಪ್ಪೋಣ. ಸರಾಸರಿ 1,58,324 ರೂ. ಇದ್ದ ಕೋಬಾಲ್ಟ್-ಕ್ರೋಮಿಯಂ ಕೃತಕ ಮಂಡಿಗೆ 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು, ತೆರಿಗೆ ಬಿಟ್ಟು, 54,720 ರೂ. ಮಿತಿ ಹಾಕಿತು. ಲೋಹದ ಬೆಲೆಗೆ ಅಂಕುಶ ಬಿತ್ತು. ಆದರೆ ಆರೈಕೆಗೆ ಯಾವ ಅಳತೆ ಇದೆ?

ಕೃತಕ ಕೀಲೆಂದರೆ ಲೋಹ ಮತ್ತು ಪಾಲಿಎಥಿಲೀನಿನ ತುಂಡುಗಳಷ್ಟೆ. ಅದನ್ನು ಆಡಿಸಬೇಕಾದ ಸ್ನಾಯು ರೋಗಿಯದೇ. ವರ್ಷಗಟ್ಟಲೆಯ ನೋವಿನಿಂದ ಸೊರಗಿದ ಆ ಸ್ನಾಯುವಿಗೆ ಮೊದಲ ವಾರಗಳಲ್ಲಿ ಸರಿಯಾದ ವ್ಯಾಯಾಮ ದೊರೆಯದಿದ್ದರೆ ಒಳಗಿನ ಅಂಗಾಂಶ ಬಿಗಿದು, ಮಂಡಿ ಸರಿಯಾಗಿ ಮಡಚದು, ಪೂರ್ತಿ ನೀಳವೂ ಆಗದು. ಮೀನಖಂಡ ಊದಿದರೆ ರಕ್ತ ಹೆಪ್ಪುಗಟ್ಟಿರಬಹುದು. ಅದು ಶ್ವಾಸಕೋಶಕ್ಕೆ ಸರಿದರೆ ಪ್ರಾಣಕ್ಕೇ ಸಂಚಕಾರ. ಹೊಲಿಗೆಯಲ್ಲಿ ಕೀವು ಕಂಡರೆ ಕಾಯುತ್ತ ಕೂರುವಂತಿಲ್ಲ. ಇವೆಲ್ಲ ಬಿಡುಗಡೆಯ ಕಾಗದದಲ್ಲಿ ಬರೆದಿರುತ್ತವೆ, ಆದರೆ ಇಂಗ್ಲಿಷಿನಲ್ಲಿ! ಗದಗಿನಿಂದಲೋ ಇಂಡಿಯಿಂದಲೋ ಮಗನ ಮನೆಗೆ ಬಂದ ಅವ್ವ ಅದನ್ನು ಓದುವುದೆಂತು? ಮಗ-ಸೊಸೆ ಬೆಳಿಗ್ಗೆ ಲೋಕಲ್ ಹಿಡಿದರೆ ಮರಳುವುದು ರಾತ್ರಿ. ನೆಲದ ಮೇಲೆ ಕೂತು, ಕುಕ್ಕರುಗಾಲಲ್ಲಿ ಬಾಳಿದ ಜೀವ ಅದು. ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ, ಯಾವ ಕಾಲು ಮೊದಲಿಡಬೇಕೆಂದು ಹೇಳುವವರಿಲ್ಲದೆ, ನೋವಿಗಂಜಿ ಮಂಚ ಹಿಡಿಯುತ್ತದೆ. ಕೊನೆಗೆ ಬಂಧುಗಳ ತೀರ್ಪು: "ಆಪರೇಶನ್ ಫೇಲಾಯಿತು." ಫೇಲಾದದ್ದು ಆಪರೇಶನ್ನೋ, ಆರೈಕೆಯೋ?

ರೋಗಿಯ ಹೆಸರು-ವಿಳಾಸ ಇಟ್ಟುಕೊಳ್ಳುವುದರಲ್ಲೂ ಇದೇ ಉದಾಸೀನ. ಜಾನ್ಸನ್ ಅಂಡ್ ಜಾನ್ಸನ್ನಿನ ಅಂಗವಾದ ಡಿಪ್ಯೂ ಕಂಪನಿ 2010ರಲ್ಲಿ ಎ.ಎಸ್.ಆರ್. ಎಂಬ ಸೊಂಟದ ಕೀಲನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ನಮ್ಮ ದೇಶದಲ್ಲಿ ಅದನ್ನು ಸುಮಾರು 4,700 ಶಸ್ತ್ರಕ್ರಿಯೆಗಳಲ್ಲಿ ಬಳಸಲಾಗಿತ್ತು. ಮುಂದೆ ಕೇಂದ್ರದ ಸಮಿತಿ ವಿಚಾರಣೆ ನಡೆಸಿದಾಗ ಆ ರೋಗಿಗಳಲ್ಲಿ ಬಹುಪಾಲು ಜನರ ಪತ್ತೆಯೇ ಇರಲಿಲ್ಲ. ಸ್ವೀಡನ್ 1975ರಿಂದಲೇ ಮಂಡಿ ಶಸ್ತ್ರಕ್ರಿಯೆಗಳ ರಾಷ್ಟ್ರೀಯ ದಾಖಲೆ ಇಟ್ಟಿದೆ. ನಮ್ಮಲ್ಲಿ ತಜ್ಞರ ಸಂಘದ ದಾಖಲೆ ಇದ್ದರೂ ಅದು ಕಡ್ಡಾಯವಲ್ಲ. ಕೊಂಡ ಮಿಕ್ಸರಿಗೆ ಗ್ಯಾರಂಟಿ ಕಾರ್ಡು ಕೇಳಿ ಪಡೆಯುವ ನಾವು ಮೈಯೊಳಗೆ ಕೂರಿಸಿದ ಕೀಲಿನ ನಂಬರು ಕೇಳಬಾರದೆ?

"ದಾಕ್ತರರಿಗೆ ಪುರುಸೊತ್ತೆಲ್ಲಿ? ಎಷ್ಟು ಭಾಷೆಗಳಲ್ಲಿ ಹೇಳಬೇಕು?" ಎಂದು ಕೆಲವರು ವಾದಿಸುತ್ತಾರೆ. ಹೇಳಲು ದಾಕ್ತರರೇ ಬೇಕೆಂದಿಲ್ಲ; ತರಬೇತಿ ಪಡೆದ ನರ್ಸ್ ಅಥವಾ ಫಿಸಿಯೋಥೆರಪಿಸ್ಟ್ ಸಾಕು. ಶಸ್ತ್ರಕ್ರಿಯೆಗೆ ಮೊದಲೇ ಅರ್ಧ ತಾಸು ಕೂತು ತಿಳಿಸಿದರೆ ಮುಂದಿನ ಎಷ್ಟೋ ಓಡಾಟ, ಎಷ್ಟೋ ಖರ್ಚು ಉಳಿಯುತ್ತದೆ. ಬಿಲ್ಲಿನ ಪೈಸೆ ಪೈಸೆಯನ್ನು ನಮಗೆ ಅರ್ಥವಾಗುವಂತೆ ಹೇಳಬಲ್ಲವರಿಗೆ ಇದು ಮಾತ್ರ ಕಷ್ಟವೆ?

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಸರಕಾರಿ ಯೋಜನೆಯಾಗಲಿ, ವಿಮೆಯಾಗಲಿ, ಪ್ಯಾಕೇಜಿನಲ್ಲಿ ಮನೆಗೆ ಬಂದ ನಂತರದ ಆರು ವಾರಗಳ ಫಿಸಿಯೋಥೆರಪಿ ಸೇರಬೇಕು. ಪ್ರತಿಯೊಬ್ಬ ರೋಗಿಯ ಕೈಗೆ ಕೀಲಿನ ಹೆಸರು, ನಂಬರುಗಳಿರುವ ಚೀಟಿ ಬರಬೇಕು. ರಾಷ್ಟ್ರೀಯ ದಾಖಲೆ ಕಡ್ಡಾಯವಾಗಬೇಕು. ಅಪಾಯದ ಲಕ್ಷಣಗಳನ್ನು ರೋಗಿಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕು.

ಸರಕಾರ ಮಾಡುವವರೆಗೆ ಸಂಘ-ಸಂಸ್ಥೆಗಳು ಕಾಯಬೇಕಿಲ್ಲ. ಕನ್ನಡದಲ್ಲಿ ಒಂದು ಪುಟದ ಸೂಚನೆಯನ್ನು ತಜ್ಞರಿಂದ ತಿದ್ದಿಸಿ ಅಚ್ಚು ಹಾಕಿಸಬಹುದು. ಒಂದು ಮನೆಯಲ್ಲಿ ಕೆಲಸ ಮುಗಿದ ವಾಕರ್, ಕಮೋಡ್ ಕುರ್ಚಿಗಳನ್ನು ಇನ್ನೊಂದು ಮನೆಗೆ ದಾಟಿಸಬಹುದು. ಹಗಲು ಮನೆಯಲ್ಲಿರುವ ನಿವೃತ್ತರು ನೆರೆಯ ಅವ್ವನನ್ನು ಹತ್ತು ಹೆಜ್ಜೆ ನಡೆಸಬಹುದು. ರಾಜ್ಯೋತ್ಸವದಲ್ಲಿ ಭಾಷಾಭಿಮಾನದ ಭಾಷಣ ನಡೆಯಲಿ, ಬೇಡವೆನ್ನುವುದಿಲ್ಲ. ಆದರೆ ನೋವಿನಲ್ಲಿರುವವರಿಗೆ ಅವರ ಮಾತಿನಲ್ಲಿ ಧೈರ್ಯ ಹೇಳುವುದೂ ಕನ್ನಡದ ಕೆಲಸವೇ.