ಕಾಲು ಹೊರಳಿದ್ದು ಯಾವ ಕಡೆಗೆ?

ಮೆಟ್ಟಿಲಿಳಿಯುವಾಗ ಹೆಜ್ಜೆ ತಪ್ಪಿತು, ಹರಡು ಊದಿಕೊಂಡಿತು. ವೈದ್ಯರ ಬಳಿಗೆ ಹೋದರೆ ಅವರು ಕೇಳುವ ಮೊದಲ ಪ್ರಶ್ನೆ: “ಬಿದ್ದದ್ದು ಹೇಗೆ?” ನೋವಿನಿಂದ ನರಳುತ್ತಿರುವವರಿಗೆ ಇದು ಹೊತ್ತು ಕಳೆಯುವ ಮಾತೆಂದು ತೋರಬಹುದು. ಆದರೆ ಚಿಕಿತ್ಸೆಯ ದಾರಿ ಎಷ್ಟೋ ವೇಳೆ ಆ ಉತ್ತರದಿಂದಲೇ ತಿಳಿಯುತ್ತದೆ.

ಹರಡೆಂಬುದು ಬಡಗಿ ಕೂಡಿಸಿದ ಚೌಕಟ್ಟಿನಂತೆ. ಒಳಗಡೆ ದೊಡ್ಡ ಮೂಳೆಯ ತುದಿ, ಹೊರಗಡೆ ಸಣ್ಣ ಮೂಳೆಯ ತುದಿ. ನಡುವೆ ಪಾದದ ಮೂಳೆ. ಇವನ್ನೆಲ್ಲ ಅಸ್ಥಿಬಂಧಗಳೆಂಬ ಗಟ್ಟಿ ನಾರುಗಳು ಬಿಗಿದು ಹಿಡಿದಿವೆ.

ಡೆನ್ಮಾರ್ಕಿನ ವೈದ್ಯರಾದ ಲೌಗೆ-ಹಾನ್ಸೆನ್ ಅವರು ನಿರ್ಜೀವವಾದ ಕಾಲುಗಳನ್ನು ಬಗೆಬಗೆಯಾಗಿ ತಿರುಚಿ, ಯಾವುದು ಮೊದಲು ಮುರಿಯುವುದೆಂದು ಪರೀಕ್ಷಿಸಿ, 1950ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಪೆಟ್ಟಾದ ಗಳಿಗೆಯಲ್ಲಿ ಅಂಗಾಲು ಒಳಕ್ಕೆ ವಾಲಿತ್ತೋ ಹೊರಕ್ಕೋ? ಅದನ್ನು ತಿರುಚಿದ ಬಲ ಯಾವ ದಿಕ್ಕಿನದು? ಈ ಎರಡು ಪ್ರಶ್ನೆಗಳಿಂದ ಅವರು ನಾಲ್ಕು ಮುಖ್ಯ ವರ್ಗಗಳನ್ನು ಮಾಡಿದರು.

ಅತಿ ಸಾಮಾನ್ಯವಾದುದು, ಅಂಗಾಲು ಒಳಕ್ಕೆ ವಾಲಿರುವಾಗ ಪಾದವು ಹೊರಕ್ಕೆ ತಿರುಚಿಕೊಳ್ಳುವ ಬಗೆ. ಇದರಲ್ಲಿ ಮೊದಲು ಮುಂಭಾಗದ ಅಸ್ಥಿಬಂಧ ಹರಿಯುತ್ತದೆ. ಎರಡನೆಯದಾಗಿ ಹೊರಮೂಳೆ ಓರೆಯಾಗಿ ಸೀಳುತ್ತದೆ. ಬಲ ಇನ್ನೂ ಮುಂದುವರಿದರೆ ಮೂರನೆಯದಾಗಿ ಹಿಂಭಾಗ, ನಾಲ್ಕನೆಯದಾಗಿ ಒಳಭಾಗ. ಎರಡನೆಯ ಹಂತದಲ್ಲಿಯೇ ನಿಂತರೆ ಕೀಲು ಭದ್ರ. ಸಾಮಾನ್ಯವಾಗಿ ಪ್ಲಾಸ್ಟರ್ ಅಥವಾ ಆಸರೆಯ ಬೂಟು ಸಾಕು. ನಾಲ್ಕನೆಯದನ್ನು ಮುಟ್ಟಿದರೆ ಪಾದದ ಮೂಳೆ ಪಕ್ಕಕ್ಕೆ ಸರಿಯಬಹುದು. ಆಗ ಬಹುಮಟ್ಟಿಗೆ ಶಸ್ತ್ರಕ್ರಿಯೆಯೇ ಗತಿ. ಕೈಯಿಂದಲೇ ಮೂಳೆ ಕೂಡಿಸುವಾಗಲೂ ಸೂತ್ರ ಸರಳ: ಮುರಿದ ದಾರಿಯಲ್ಲೇ ಹಿಂದಕ್ಕೆ ತಿರುಗಿಸುವುದು.

ಇಲ್ಲೊಂದು ಮೋಸವುಂಟು. ಒಳಭಾಗದಲ್ಲಿ ಮೂಳೆ ಮುರಿಯದೆ ಅಸ್ಥಿಬಂಧ ಮಾತ್ರ ಹರಿದಿದ್ದರೆ, ಕ್ಷ-ಕಿರಣದ ಚಿತ್ರದಲ್ಲಿ ಎರಡನೆಯ ಹಂತವೂ ನಾಲ್ಕನೆಯದೂ ಒಂದೇ ತೆರನಾಗಿ ಕಾಣಬಹುದು. ಆದುದರಿಂದಲೇ ವೈದ್ಯರು ಕೆಲವೊಮ್ಮೆ ರೋಗಿಯನ್ನು ನಿಲ್ಲಿಸಿ ಮತ್ತೊಂದು ಚಿತ್ರ ತೆಗೆಸುತ್ತಾರೆ. ಕೆಲವು ಬಗೆಗಳಲ್ಲಿ ಹೊರಮೂಳೆ ಮೊಣಕಾಲಿನ ಸಮೀಪದಲ್ಲಿ ಮುರಿದಿರುವುದೂ ಉಂಟು. ಅಲ್ಲಿಯೂ ಒತ್ತಿ ನೋಡುವುದು ಅದಕ್ಕಾಗಿ.

ಈ ವರ್ಗೀಕರಣವು ಪ್ರತಿಯೊಂದು ಕಾಲಿಗೂ ಕರಾರುವಾಕ್ಕಾಗಿ ಹೊಂದುವುದಿಲ್ಲವೆಂದು ಈಚಿನ ಎಂ.ಆರ್.ಐ. ಪರೀಕ್ಷೆಗಳು ತೋರಿಸಿವೆ. ಆದರೂ ಅದು ಕಲಿಸಿದ ವಿಚಾರಕ್ರಮ ಉಳಿದಿದೆ.

ವಾಚಕರು ನೆನಪಿಡಬೇಕಾದುದಿಷ್ಟೆ: ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಹರಡಿನ ಮೂಳೆಯನ್ನು ಒತ್ತಿದಾಗ ನೋವಾದರೆ, ಬರಿಯ ಉಳುಕೆಂದು ಎಣ್ಣೆ ತಿಕ್ಕಿಸಬೇಡಿ. ಸರಿದ ಕೀಲು ಹಾಗೆಯೇ ಕೂಡಿಕೊಂಡರೆ ಸವೆದು, ಬಾಳಿನುದ್ದಕ್ಕೂ ಕುಂಟಿಸೀತು. ಬೇಗನೆ ವೈದ್ಯರ ಬಳಿಗೆ ಹೋಗಿರಿ. ಕಾಲು ಹೊರಳಿದ್ದು ಯಾವ ಕಡೆಗೆಂಬುದನ್ನು ಮರೆಯದೆ ಹೇಳಿರಿ.