ಹಾಲ್‌ನಲ್ಲಿ ಒಂದು ಸಿಗಡಿ ತೊಟ್ಟಿ ಇರಲಿ, ಆದರೆ ಲಾಭದ ಲೆಕ್ಕ ಹಾಕಬೇಡಿ

‘ಮನೆಯಲ್ಲೇ ಸಿಗಡಿ ಸಾಕಿ, ತಿಂಗಳಿಗೆ ಇಷ್ಟು ಸಾವಿರ ಗಳಿಸಿ’ ಅನ್ನೋ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರತ್ತೆ. ಗಾಜಿನ ತೊಟ್ಟಿ, ಹಸಿರು ಪಾಚಿ, ಅದರ ಮೇಲೆ ಓಡಾಡುವ ಕೆಂಪು ಸಿಗಡಿ. ನೋಡೋಕೆ ಚೆಂದ. ಆದರೆ ಈ ವಿಡಿಯೋಗಳಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳನ್ನು ಒಂದೇ ಅನ್ನೋ ಹಾಗೆ ತೋರಿಸ್ತಾರೆ. ಮೊದಲು ಆ ಗೊಂದಲ ಬಿಡಿಸಿಕೊಳ್ಳೋಣ.

ತಿನ್ನೋಕೆ ಮಾರುವ ಸಿಹಿನೀರಿನ ದೊಡ್ಡ ಸಿಗಡಿ, ಅಂದರೆ ಸ್ಕ್ಯಾಂಪಿ, ಕೊಳದಲ್ಲಿ ಬೆಳೆಯೋದು. ಅದರ ಮರಿಗಳಿಗೆ ಮೊದಲ ಹಂತದಲ್ಲಿ ಉಪ್ಪು ಬೆರೆತ ನೀರೇ ಬೇಕು, ಹಾಗಾಗಿ ಮನೆ ತೊಟ್ಟಿಯಲ್ಲಿ ಅದರ ಸಂತಾನ ಮುಂದುವರಿಯಲ್ಲ. ಇಕ್ಕಟ್ಟಾದರೆ ಒಂದನ್ನೊಂದು ತಿಂತಾವೆ ಬೇರೆ. ವಿಡಿಯೋದಲ್ಲಿ ಕಾಣುವ ಕೆಂಪು ಪುಟ್ಟದ್ದು ಚೆರ್ರಿ ಸಿಗಡಿ. ತೈವಾನ್, ಚೀನಾ ಕಡೆಯ ಜಾತಿ. ಉದ್ದ 2ರಿಂದ 3 ಸೆಂಟಿಮೀಟರ್, ಆಯಸ್ಸು ಒಂದೆರಡು ವರ್ಷ. ಪೂರ್ತಿ ಸಿಹಿನೀರಿನಲ್ಲೇ ಮರಿ ಮಾಡತ್ತೆ, ಒಂದು ಸಲಕ್ಕೆ ಇಪ್ಪತ್ತು ಮೂವತ್ತು. ಇದನ್ನು ಯಾರೂ ಸಾರು ಮಾಡಲ್ಲ. ಹವ್ಯಾಸಕ್ಕೆ ಸಾಕುವವರೇ ಕೊಳ್ಳಬೇಕು, ಅವರ ಮನೆಯಲ್ಲೂ ಅದು ಹೀಗೇ ಮರಿ ಹಾಕತ್ತೆ. ಕೊಂಡವನೇ ಆರು ತಿಂಗಳಲ್ಲಿ ಮಾರುವವನಾಗುವ ವಸ್ತುವಿಗೆ ಬೆಲೆ ಎಷ್ಟು ದಿನ ನಿಂತೀತು? ಸಾಲ ಮಾಡಿ ಹತ್ತು ತೊಟ್ಟಿ ಹಾಕಬೇಡಿ ಅಂತ ನಾನು ಹೇಳೋದು ಇದಕ್ಕೇ.

ಆದರೂ ಒಂದು ತೊಟ್ಟಿ ಹಾಕಿ ಅಂತೀನಿ. ಕೃಷಿ ಮಾಡೋರಿಗೆ ಇದು ಟಿವಿಗಿಂತ ಉಪಯೋಗದ ವಸ್ತು.

ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 40 ಲೀಟರ್ ನೀರು ಹಿಡಿಯತ್ತೆ. ಅಷ್ಟು ಸಾಕು. ಮೋಟಾರಿನ ಫಿಲ್ಟರ್ ಬೇಡ, ಮರಿಗಳನ್ನು ಎಳೆದುಕೊಳ್ಳತ್ತೆ. ಗಾಳಿ ಪಂಪಿಗೆ ಸಿಕ್ಕಿಸುವ ಸ್ಪಂಜ್ ಫಿಲ್ಟರ್ ತನ್ನಿ. ತೊಳೆದ ಮರಳು, ಒಂದಿಷ್ಟು ಜಾವಾ ಮಾಸ್, ಕಾಡುಬಾದಾಮಿಯ ಒಂದೆರಡು ಒಣ ಎಲೆ. ಅಂಗಡಿಯ ನೀರುಗಿಡಕ್ಕೆ ಕೀಟನಾಶಕ ಸಿಂಪಡಿಸಿರಬಹುದು, ಅದಕ್ಕೆ ಬಕೆಟ್‌ನಲ್ಲಿಟ್ಟು ವಾರವಿಡೀ ನೀರು ಬದಲಿಸುತ್ತಾ ಇದ್ದು ಆಮೇಲೆ ಹಾಕಿ.

ಇಷ್ಟಾದ ಮೇಲೆ ಸಿಗಡಿ ತರಬೇಡಿ. ನಾಲ್ಕರಿಂದ ಆರು ವಾರ ಖಾಲಿ ತೊಟ್ಟಿ ಓಡಿಸಿ, ದಿನಾ ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯೋಕೆ ಬಿಡಿ. ಕೊಳೆತದ್ದು ಅಮೋನಿಯಾ ಆಗತ್ತೆ, ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡತ್ತೆ, ಇನ್ನೊಂದು ಗುಂಪು ನೈಟ್ರೇಟ್ ಮಾಡತ್ತೆ. ಯೂರಿಯಾ ಹಾಕಿದರೂ ಸಗಣಿ ಗೊಬ್ಬರ ಹಾಕಿದರೂ ನಿಮ್ಮ ಹೊಲದ ಮಣ್ಣಲ್ಲಿ ನಡೆಯೋದು ಇದೇ. ಕಾಲೇಜಲ್ಲಿ ನಾವು ಬೋರ್ಡ್ ಮೇಲೆ ಬಾಣದ ಗುರುತು ಹಾಕಿ ಓದಿದ್ದನ್ನು ಇಲ್ಲಿ ಟೆಸ್ಟ್ ಕಿಟ್ಟಿನ ಬಣ್ಣದಲ್ಲಿ ಕಣ್ಣಾರೆ ನೋಡಬಹುದು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಹತ್ತು ಹದಿನೈದು ಸಿಗಡಿ ತನ್ನಿ. ತಂದ ಕೂಡಲೇ ಸುರಿಯಬೇಡಿ. ಹನಿ ನೀರಾವರಿಯ ಹೊಸ ಮೈಕ್ರೋಟ್ಯೂಬ್ ತುಂಡಿಗೆ ಒಂದು ಗಂಟು ಹಾಕಿ, ತೊಟ್ಟಿಯ ನೀರನ್ನು ಅವುಗಳ ಡಬ್ಬಿಗೆ ಹನಿ ಹನಿಯಾಗಿ ಒಂದೆರಡು ಗಂಟೆ ಬಿಡಿ.

ಬೋರ್‌ವೆಲ್ ನೀರಾದರೆ ಪಿಎಚ್, ಗಡಸುತನ ಮೊದಲೇ ಪರೀಕ್ಷೆ ಮಾಡಿಸಿ. ಪಿಎಚ್ 6.5ರಿಂದ 7.8ರ ಒಳಗಿದ್ದರೆ ಒಳ್ಳೆಯದು. ಸ್ವಲ್ಪ ಗಡಸು ಇರಲಿ, ಪೊರೆ ಕಳಚಿ ಹೊಸ ಚಿಪ್ಪು ಕಟ್ಟೋಕೆ ಸುಣ್ಣದಂಶ ಬೇಕು. ನಲ್ಲಿ ನೀರಿನ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ. ವಾರಕ್ಕೆ ಹತ್ತರಲ್ಲಿ ಒಂದು ಭಾಗ ನೀರು ಬದಲಿಸಿ. ಆಹಾರ ತೀರಾ ಕಡಿಮೆ, ಬೇಯಿಸಿದ ಪಾಲಕ್ ಎಲೆಯ ಚೂರು ಸಾಕು.

ಈಗ ನಮ್ಮ ಕಡೆಯ ನಿಜವಾದ ತೊಂದರೆಗೆ ಬರೋಣ. ತಾಮ್ರ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಬಂತು ಅಂದರೆ ಅಡಿಕೆಗೆ ಬೋರ್ಡೋ. ಮೈಸೂರು ಸಂಸ್ಥಾನದ ಕಾಲದಲ್ಲಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಇದನ್ನು ರೂಢಿಗೆ ತಂದರು, ಇವತ್ತಿಗೂ ಅದೇ ಗತಿ. ಸಾವಯವ ನಿಯಮಗಳೂ ನಿರ್ಬಂಧದೊಂದಿಗೆ ಇದಕ್ಕೆ ಅವಕಾಶ ಕೊಟ್ಟಿವೆ. ಶೇ. 1ರ ದ್ರಾವಣ ಅಂದರೆ 100 ಲೀಟರಿಗೆ 1 ಕೆಜಿ ಮೈಲುತುತ್ತ, ಅದರಲ್ಲಿ ಕಾಲು ಭಾಗ ತಾಮ್ರ. ಒಂದು ಟೀ ಚಮಚದಷ್ಟು ನಿಮ್ಮ 40 ಲೀಟರ್ ತೊಟ್ಟಿಗೆ ಬಿತ್ತು ಅಂದುಕೊಳ್ಳಿ. ಲೀಟರಿಗೆ ಸುಮಾರು 0.3 ಮಿಲಿಗ್ರಾಂ ತಾಮ್ರ ಸೇರಿತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 2 ಮಿಲಿಗ್ರಾಂ. ಅಂದರೆ ನಮಗೆ ಏನೂ ಆಗದ ನೀರು ಸಿಗಡಿಗೆ ಪ್ರಾಣಾಪಾಯ. ಔಷಧಿ ಕಲಸಿದ ಬಕೆಟ್, ಮಗ್ಗು, ತೊಳೆಯದ ಕೈ ಯಾವುದೂ ತೊಟ್ಟಿಯ ಹತ್ತಿರ ಬರಬಾರದು.

ಬೇವಿನೆಣ್ಣೆ ನೈಸರ್ಗಿಕ, ಏನೂ ಆಗಲ್ಲ ಅನ್ನೋ ನನ್ನಂಥ ಸಾವಯವದವರಿಗೂ ಒಂದು ಮಾತು. ಬೇವು ಕೆಲಸ ಮಾಡೋದೇ ಕೀಟದ ಪೊರೆ ಕಳಚುವಿಕೆ ಕೆಡಿಸಿ. ಸಿಗಡಿಯೂ ಪೊರೆ ಕಳಚುವ ಜೀವಿ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ಲಿಕ್ವಿಡ್ ಇನ್ನೂ ಕೆಟ್ಟವು. ಅವುಗಳಲ್ಲಿರುವ ಪೈರೆಥ್ರಾಯ್ಡ್ ಗುಂಪಿನ ವಿಷವನ್ನು ಗಾಳಿ ಪಂಪು ರೂಮಿನಿಂದ ಎಳೆದು ನೇರ ನೀರಿಗೆ ಬಿಡತ್ತೆ. ಸೊಳ್ಳೆ ಪರದೆ ಕಟ್ಟಿಕೊಳ್ಳಿ.

ಬೋರ್ಡೋ ಬಿಡಿ ಅಂತ ನಾನು ಹೇಳ್ತಿಲ್ಲ. ಕೊಳೆ ಬಂದು ಗೊನೆ ಉದುರಿದ ತೋಟ ನೋಡಿದವರು ಯಾರೂ ಹಾಗೆ ಹೇಳಲ್ಲ. ಆದರೆ ಡ್ರಮ್ಮು, ಪೈಪು ತೊಳೆಯೋಕೆ ಹಳ್ಳಕ್ಕೇ ಯಾಕೆ ಇಳಿಬೇಕು? ಹಳ್ಳದಲ್ಲೂ ಸಿಗಡಿ, ಏಡಿ ಇವೆ. ಅಲ್ಲಿ ಗಾಜಿಲ್ಲ, ಸತ್ತದ್ದು ನಮ್ಮ ಕಣ್ಣಿಗೆ ಬೀಳಲ್ಲ, ಅಷ್ಟೇ ವ್ಯತ್ಯಾಸ. ತೊಳೆದ ನೀರನ್ನು ಹಳ್ಳ, ಬಾವಿಯಿಂದ ದೂರ ತೋಟದ ಮಣ್ಣಿಗೇ ಚೆಲ್ಲಿ. ದಿನಾ ಬೆಳಿಗ್ಗೆ ಸಿಗಡಿ ಎಣಿಸುವ ಹುಡುಗನಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲ್ಲ.

ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಮಾತ್ರ ಶುರು ಮಾಡಬೇಡಿ. ನೀರು 28 ಡಿಗ್ರಿ ದಾಟಿದರೆ ಇವಕ್ಕೆ ಕಷ್ಟ, ಬಿಸಿ ನೀರಲ್ಲಿ ಆಮ್ಲಜನಕವೂ ಕಮ್ಮಿ. ಕರೆಂಟ್ ಹೋದಾಗ ಓಡುವ ಚಿಕ್ಕ ಬ್ಯಾಟರಿ ಪಂಪು ಇಟ್ಟುಕೊಳ್ಳಿ. ಮಳೆ ಬಿದ್ದು ತಂಪಾದ ಮೇಲೆ ಶುರು ಮಾಡಿದರೆ ಸುಲಭ.

ಮರಿ ಹೆಚ್ಚಾದರೆ, ಅಥವಾ ನಿಮಗೇ ಸಾಕು ಅನ್ನಿಸಿದರೆ, ಅಕ್ವೇರಿಯಂ ಅಂಗಡಿಗೆ ಕೊಡಿ ಇಲ್ಲಾ ಸಾಕುವ ಗೆಳೆಯರಿಗೆ ಕೊಡಿ. ಕೆರೆಗೆ, ಕೃಷಿ ಹೊಂಡಕ್ಕೆ ಸುರಿಯಬೇಡಿ. ಹೊರಗಿನಿಂದ ಬಂದ ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧ ಆದ ಮೇಲೂ ನಮ್ಮ ನೀರಿನಿಂದ ಹೋಗಿಲ್ಲ.