ಉದ್ಯಮಗಳ ನೋಂದಣಿ ಮತ್ತು ನಮ್ಮ ಮಕ್ಕಳ ದುಡಿಮೆ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಭಕ್ತರು ಮಠಕ್ಕೆ ಬಂದಾಗ ಹೇಳಿಕೊಳ್ಳುವ ಸಂಕಟಗಳಲ್ಲಿ ಒಂದು ಮತ್ತೆ ಮತ್ತೆ ಕೇಳಿಬರುತ್ತದೆ: ಓದಿದ ಮಗನಿಗೆ ಊರಿನಲ್ಲಿ ಕೆಲಸವಿಲ್ಲ, ಬೆಂಗಳೂರಿಗೋ ತಿರುಪ್ಪೂರಿಗೋ ಹೋಗಿದ್ದಾನೆ. ಇನ್ನೊಂದೆಡೆ, ಹೊಸ ಉದ್ಯಮಗಳ ನೋಂದಣಿ ಏರುತ್ತಿದೆ, ಆದ್ದರಿಂದ ಉದ್ಯೋಗವೂ ಬೆಳೆಯುತ್ತಿದೆ ಎಂಬ ವಾದವಿದೆ. ಈ ಎರಡು ಮಾತುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಪರಿಶೀಲಿಸಬೇಕೆಂದು ನಮಗೆ ತೋರಿತು.

ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿ ಆರಂಭವಾದದ್ದು 2020ರ ಜುಲೈ 1ರಂದು. ಇದಕ್ಕೆ ಶುಲ್ಕವಿಲ್ಲ, ಆಧಾರ್ ಸಂಖ್ಯೆಯೊಡನೆ ಅರ್ಜಿದಾರನು ತಾನೇ ನೀಡುವ ಹೇಳಿಕೆಯೇ ಆಧಾರ. ದುಡಿಯುವವರು ಎಷ್ಟು ಮಂದಿ ಎಂಬ ಪ್ರಶ್ನೆ ಅರ್ಜಿಯಲ್ಲಿದೆ, ಉತ್ತರವೂ ಅರ್ಜಿದಾರನದೇ. ಹಳೆಯ ‘ಉದ್ಯೋಗ್ ಆಧಾರ್’ ಪತ್ರವಿದ್ದವರೂ ಇಲ್ಲಿಗೆ ಮರುನೋಂದಣಿಯಾಗಬೇಕಾಯಿತು. ಆದ್ದರಿಂದ ಅಜ್ಜನ ಕಾಲದಿಂದ ನಡೆಯುತ್ತಿರುವ ಕೈಮಗ್ಗವೊಂದು ಕಡತದಲ್ಲಿ ಹೊಸ ಉದ್ಯಮವಾಗಿ ಕಾಣಿಸಿಕೊಳ್ಳಬಹುದು. ಬ್ಯಾಂಕಿನ ಸಾಲಕ್ಕೆ ಈ ಪತ್ರ ಬೇಕಾಗುವುದರಿಂದ ಅರ್ಜಿಗಳು ಹೆಚ್ಚುವುದೂ ಸಹಜವೇ. ಸಾಲ ಪಡೆಯುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ಆ ಅಂಕಿಯಿಂದ ಸಂಬಳದ ಲೆಕ್ಕ ಹೇಳುವುದು ಕಷ್ಟ.

ಅಮೆರಿಕದ ಜನಗಣತಿ ಸಂಸ್ಥೆಯು ಹೊಸ ಉದ್ಯಮಗಳ ಅರ್ಜಿಗಳನ್ನೆಲ್ಲ ಒಂದೇ ರಾಶಿಗೆ ಹಾಕುವುದಿಲ್ಲ. ವೇತನ ನೀಡುವ ಉದ್ದೇಶವನ್ನು ತಿಳಿಸಿದಂಥ, ಅಂದರೆ ನೌಕರರನ್ನು ನೇಮಿಸಿಕೊಳ್ಳುವ ಸಂಭವ ಹೆಚ್ಚಿರುವ ಅರ್ಜಿಗಳನ್ನು ಪ್ರತ್ಯೇಕವಾಗಿ ಎಣಿಸುತ್ತದೆ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ಭವಿಷ್ಯನಿಧಿಯ ಲೆಕ್ಕ. ಆದರೆ ಸಾಮಾನ್ಯವಾಗಿ ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗಷ್ಟೇ ಅದು ಕಡ್ಡಾಯ. ಹನೂರಿನ ಹಿಟ್ಟಿನ ಗಿರಣಿಯಾಗಲಿ, ಯಳಂದೂರಿನ ಹೊಲಿಗೆ ಅಂಗಡಿಯಾಗಲಿ ಆ ಲೆಕ್ಕಕ್ಕೆ ಸಿಗುವುದಿಲ್ಲ.

ಮೂರು ತಾಲ್ಲೂಕುಗಳ ಸ್ಥಿತಿಯೂ ಒಂದೇ ಅಲ್ಲ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವು ಮದ್ರಾಸು ಪ್ರಾಂತ್ಯದಲ್ಲಿಯೇ ರೇಷ್ಮೆಗೆ ಹೆಸರಾಗಿತ್ತು. ಹಿಪ್ಪುನೇರಳೆ ತೋಟ, ಹುಳು ಸಾಕಣೆ, ನೂಲು ಬಿಚ್ಚಣಿಕೆ, ಬಣ್ಣ, ನೇಯ್ಗೆ, ಮಾರಾಟ: ಒಂದು ಸೀರೆಯ ಹಿಂದೆ ಎಷ್ಟು ಕೈಗಳು! ಇದರಲ್ಲಿ ಹೆಂಗಸರ ದುಡಿಮೆ ಬಹಳವಿದ್ದರೂ ನೋಂದಣಿ ಹೆಚ್ಚಾಗಿ ಮನೆಯ ಗಂಡಸಿನ ಹೆಸರಿನಲ್ಲಿಯೇ ಇರುತ್ತದೆ. ಇಂಥಲ್ಲಿ ಒಂದು ಘಟಕ ಮುಚ್ಚಿದರೆ ಹಲವು ಮನೆಗಳ ಆದಾಯಕ್ಕೆ ಪೆಟ್ಟು ಬೀಳುತ್ತದೆ. ಹತ್ತು ಹೊಸ ಪತ್ರಗಳಿಂದ ಅದು ತುಂಬಬೇಕೆಂದಿಲ್ಲ.

ಕೊಳ್ಳೇಗಾಲದಿಂದ ಬೇರ್ಪಟ್ಟು ತಾಲ್ಲೂಕಾದ ಹನೂರಿನಲ್ಲಿ ಮಳೆಯಾಶ್ರಿತ ಬೇಸಾಯವೇ ಹೆಚ್ಚು. ಮಲೆ ಮಹದೇಶ್ವರ ಬೆಟ್ಟದಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಿಗೆ ಅಂಗಡಿಗಳು ಏಳುತ್ತವೆ. ಜಾತ್ರೆ ಮುಗಿದ ಮೇಲೆ ಆ ದುಡಿಮೆಯೂ ಇಳಿಯುತ್ತದೆ. ವರ್ಷದ ಲೆಕ್ಕದಲ್ಲಿ ಅದನ್ನು ಹೇಗೆ ಎಣಿಸುವುದು? ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯಿದೆ. ಸೋಲಿಗರು ಸಂಗ್ರಹಿಸುವ ಜೇನು, ನೆಲ್ಲಿಕಾಯಿಗಳ ವ್ಯವಹಾರ ಸಹಕಾರ ಸಂಘದ ಮೂಲಕ ನಡೆದುಬಂದಿದೆ. ಕಡತದಲ್ಲಿ ಒಂದೇ ಸಂಘ, ಬದುಕಿನಲ್ಲಿ ಅನೇಕ ಕುಟುಂಬಗಳು.

ನೋಂದಣಿಗೆ ಹೆದರಿ ದೂರ ಉಳಿಯುವವರೂ ಇದ್ದಾರೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ, ಬೆಂಗಳೂರಿನ ಹಲವು ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಫಲಕಗಳು ತೂಗಿದವು. ಉದ್ಯಮ್ ಪತ್ರ ಪಡೆದ ಮಾತ್ರಕ್ಕೆ ತೆರಿಗೆ ಬೀಳುವುದಿಲ್ಲ ಎಂಬುದನ್ನು ಭಕ್ತರು ತಿಳಿದಿರಲಿ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟು ದಾಟಿದಾಗ, ಸೇವೆ ಒದಗಿಸುವವರಿಗೆ 20 ಲಕ್ಷ ದಾಟಿದಾಗ ಬರುವ ಮಾತು.

ಉದ್ಯೋಗ ಬೆಳೆದಿದೆಯೇ ಎಂದು ಅರಿಯಲು ನಮ್ಮ ಕೈಗೆಟಕುವ ದಾಖಲೆಗಳು ಊರಿನಲ್ಲಿಯೇ ಇವೆ. ನಗರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳು ವ್ಯಾಪಾರ ಪರವಾನಗಿ ನೀಡುತ್ತವೆ. ಕಳೆದ ವರ್ಷ ಪರವಾನಗಿ ಪಡೆದವರಲ್ಲಿ ಈ ವರ್ಷ ನವೀಕರಿಸಿದವರು ಎಷ್ಟು, ಅವರಲ್ಲಿ ಮನೆಯವರಲ್ಲದೆ ಹೊರಗಿನವರಿಗೂ ಕೂಲಿ ಕೊಡುತ್ತಿರುವವರು ಎಷ್ಟು, ಆ ಕೂಲಿ ವರ್ಷದಲ್ಲಿ ಎಷ್ಟು ತಿಂಗಳು ಎಂಬ ಮೂರು ಪ್ರಶ್ನೆಗಳನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳಬಹುದು. ಮೊದಲನೆಯದಕ್ಕೆ ಉತ್ತರ ಕಚೇರಿಯ ವಹಿಯಲ್ಲಿದೆ. ಉಳಿದೆರಡಕ್ಕೆ ಅಂಗಡಿ ಬೀದಿಯಲ್ಲಿ ಒಮ್ಮೆ ನಡೆದು ವಿಚಾರಿಸಬೇಕಾಗುತ್ತದೆ. ಊರಿನ ಪದವೀಧರ ಯುವಕ ಯುವತಿಯರು ಎರಡು ಭಾನುವಾರಗಳಲ್ಲಿ ಮುಗಿಸಬಹುದಾದ ಕಾಯಕವಿದು.